ಲೆಟ್ಯೂಸ್ ರ‍್ಯಾಪ್: ಎಲೆ ಹರಿಯುತ್ತೆ, ಸಾಸ್ ಮೊಣಕೈವರೆಗೆ ಇಳಿಯುತ್ತೆ. ಎಲ್ಲಿ ಎಡವುತ್ತಿದ್ದೇನೆ?

ಬಾಣಲೆಭಾರತಿ
ನಿನ್ನೆ ಮೂರನೇ ಸಲ ಸೋತೆ. ನಿಮ್ಮನ್ನೆಲ್ಲ ಕೇಳದೆ ನಾಲ್ಕನೇ ಸಲ ಒಲೆ ಹಚ್ಚುವುದಿಲ್ಲ ಅಂತ ತೀರ್ಮಾನ ಮಾಡಿದ್ದೇನೆ.

ಹೋಟೆಲಲ್ಲಿ ತಿಂದಿರುತ್ತೀರಿ, ಚಿಕನ್ ಲೆಟ್ಯೂಸ್ ರ‍್ಯಾಪ್. ಬಟ್ಟಲಿನ ಹಾಗಿರುವ ತಣ್ಣನೆ ಎಲೆ, ಅದರೊಳಗೆ ಬಿಸಿ ಚಿಕನ್. ಕಚ್ಚಿದರೆ ಕರುಂ ಅನ್ನಬೇಕು. ನನ್ನದು ಪಚಕ್ ಅಂತು. ಎಲೆ ನಡುವೆ ಹರಿದು, ಕಂದು ನೀರು ಮಣಿಕಟ್ಟಿನಿಂದ ಇಳಿದು ಮೊಣಕೈವರೆಗೆ ಹೋಯ್ತು. ಊಟಕ್ಕೆ ಬಂದ ಆರು ಜನರಲ್ಲಿ ಒಬ್ಬರು ಬಿಳಿ ಅಂಗಿ ಹಾಕಿಕೊಂಡಿದ್ದರು. ಅವರ ಕಥೆ ಬೇಡ.

ಮಾಡಿದ್ದು ಹೀಗೆ. ಅರ್ಧ ಕಿಲೋ ಚಿಕನ್ ಕೀಮಾ, ಫ್ರಿಜ್‌ನಿಂದ ತೆಗೆದು ಸೀದಾ ಬಾಣಲೆಗೆ. ಜೊತೆಗೇ ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ಕ್ಯಾರೆಟ್, ಅಣಬೆ, ಎಲ್ಲ ಒಟ್ಟಿಗೆ. ಮೂರು ದೊಡ್ಡ ಚಮಚ ಸೋಯಾ ಸಾಸ್, ಎರಡು ಚಮಚ ಹೊಯ್ಸಿನ್ (ಸೋಯಾ ಕಾಳಿನ ಸಿಹಿ ಸಾಸ್). ಎಲೆ ಅಂದರೆ ಗುಂಗುರು ಅಂಚಿನ ಹಸಿರು ಲೆಟ್ಯೂಸ್, ತೊಳೆದು ಒದರಿ ಇಟ್ಟಿದ್ದೆ. ಬಾಣಲೆ ತುಂಬಾ ನೀರು ನೋಡಿ ಗಾಬರಿಯಾಗಿ ಕಾರ್ನ್‌ಫ್ಲೋರ್ ಕದಡಿ ಹಾಕಿದೆ. ಹಾಕಿದೆ, ಮತ್ತೆ ಹಾಕಿದೆ. ಕೊನೆಗೆ ಅದರಲ್ಲಿ ಗೋಡೆಗೆ ಪೋಸ್ಟರ್ ಅಂಟಿಸಬಹುದಿತ್ತು.

ರೆಸಿಪಿ ಕಳಿಸಬೇಡಿ, ಹದಿನೈದು ಓದಿದ್ದೇನೆ. ಮಾಡಿ ಕೈ ಸುಟ್ಟುಕೊಂಡವರು ಮಾತಾಡಿ.

ಸೌಟುಗಾರ
ಎಲೆ ಒರೆಸಿದ್ರಾ?

ಬಾಣಲೆಭಾರತಿ
ಒದರಿದೆ ಅಂದೆನಲ್ಲ.

ಸೌಟುಗಾರ
ಒದರೋದು ಬೇರೆ, ಒರೆಸೋದು ಬೇರೆ. ಅಷ್ಟು ಗೊತ್ತಾದರೆ ನನಗೆ ಸಾಕು, ಅರ್ಧ ರೋಗ ಅಲ್ಲೇ ಇದೆ. ಒದ್ದೆ ಎಲೆಗೆ ಸಾಸ್ ಹಿಡಿಯಲ್ಲ. ಜಾರಿ ಕೆಳಗೆ ಬರುತ್ತೆ, ಎಲೆಯ ನೀರನ್ನೂ ಎಳೆದುಕೊಂಡು ಬರುತ್ತೆ.

ಚಾಕುಚೂರಿ
ಇನ್ನರ್ಧ ರೋಗ ಬಾಣಲೆಯಲ್ಲಿದೆ. ಭಾರತಿ ಅವರೇ, ಒಂದು ಸಣ್ಣ ಲೆಕ್ಕ ಹಾಕಿ. ಹಸಿ ಕೋಳಿ ಮಾಂಸದಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ನೀರು. ಅಣಬೆಯಲ್ಲಿ ನೂರಕ್ಕೆ 90ರ ಮೇಲೆ. ಈರುಳ್ಳಿ, ಕ್ಯಾರೆಟ್ ಕೂಡ ಅದೇ ಜಾತಿ. ಇಷ್ಟನ್ನೂ ತಣ್ಣಗಿರುವಾಗಲೇ ಒಂದೇ ಬಾಣಲೆಗೆ ಸುರಿದರೆ ಎಲ್ಲ ಸೇರಿ ನೀರು ಬಿಡುತ್ತವೆ. ನೀರು ನಿಂತಿರುವ ತನಕ ಮಾಂಸ 100 ಡಿಗ್ರಿ ದಾಟಲ್ಲ. ಕಂದು ಬಣ್ಣ ಬಂದು ಘಮ್ ಅನ್ನೋಕೆ ಸುಮಾರು 140 ಡಿಗ್ರಿ ಬೇಕು. ಅಂದರೆ ನೀವು ಹುರಿಯಲೇ ಇಲ್ಲ, ಬೇಯಿಸಿದ್ದೀರಿ.

ನಾನು ಮಾಡೋದು ಹೀಗೆ. ಬಾಣಲೆ ಚೆನ್ನಾಗಿ ಕಾಯಲಿ, ಎಣ್ಣೆ ಹಾಕಿ ಅರ್ಧ ಮಾಂಸ ಮಾತ್ರ ಹರಡಿ. ಹರಡಿದ ಮೇಲೆ ಎರಡು ನಿಮಿಷ ಸೌಟು ಮುಟ್ಟಬೇಡಿ. ಇದೇ ಕಷ್ಟದ ಕೆಲಸ, ಕೈ ಸುಮ್ನಿರಲ್ಲ. ಕೆಳಗಡೆ ಕಂದು ಹಿಡಿದ ಮೇಲೆ ತಿರುವಿ, ಪುಡಿ ಮಾಡಿ, ತಟ್ಟೆಗೆ ತೆಗೆಯಿರಿ. ಆಮೇಲೆ ಉಳಿದರ್ಧ. ಅಣಬೆಗೆ ಬೇರೆ ಸರದಿ.

ಕಿವಿಯನ್ನೂ ಉಪಯೋಗಿಸಿ. ನೀರು ಇದ್ದಾಗ ಬಾಣಲೆ ಗುಳುಗುಳು ಅನ್ನುತ್ತೆ. ಆರಿದ ಮೇಲೆ ಸದ್ದು ಬದಲಾಗಿ ಚಟಪಟ ಶುರುವಾಗುತ್ತೆ. ಆ ಸದ್ದು ಬರುವವರೆಗೆ ಸಾಸ್ ಬಾಟಲಿ ಮುಟ್ಟಬಾರದು.

ರಾತ್ರಿಪಾಳಿ
ಗುಳುಗುಳು, ಚಟಪಟ. ಇದನ್ನ ಬರೆದು ಫ್ರಿಜ್ ಮೇಲೆ ಅಂಟಿಸ್ತೀನಿ. ಭಾರತಿ ಅವರ ಸಾಸ್ ಸ್ವಲ್ಪ ಉಳಿದಿದ್ದರೆ ಅಂಟಿಸೋಕೆ ಕೊಡಿ.

ಬಾಣಲೆಭಾರತಿ
@ರಾತ್ರಿಪಾಳಿ ನಿಮ್ಮನ್ನ ಮುಂದಿನ ಸಲ ಊಟಕ್ಕೆ ಕರೀತೀನಿ, ಬಿಳಿ ಅಂಗಿ ಹಾಕಿಕೊಂಡು ಬನ್ನಿ.

ಹಸಿರೆಲೆ
ಎಲ್ಲರೂ ಮಾಂಸದ ಹಿಂದೆ ಬಿದ್ದಿದ್ದೀರಿ, ಎಲೆಯ ಜಾತಿ ಯಾರೂ ಕೇಳಲಿಲ್ಲ. ಗುಂಗುರು ಅಂಚಿನದು ಸಲಾಡಿಗೆ ಸರಿ. ಅದು ಚಪ್ಪಟೆ, ತೆಳು, ಬಟ್ಟಲಾಗಿ ನಿಲ್ಲಲ್ಲ. ಬಿಸಿ ತಗುಲಿದ ಕೂಡಲೇ ಸೋತು ಮಲಗುತ್ತೆ.

ಐಸ್‌ಬರ್ಗ್ ತಗೊಳ್ಳಿ. ಗಟ್ಟಿ ಚೆಂಡಿನ ಹಾಗಿರುತ್ತಲ್ಲ, ಅದು. ಒಂದೊಂದೇ ಎಲೆ ಹೊರಗಿನಿಂದ ಕೀಳಲು ಹೋದರೆ ಖಂಡಿತ ಹರಿಯುತ್ತೆ. ಬುಡ ಕೆಳಗೆ ಮಾಡಿ ಅಡುಗೆ ಕಟ್ಟೆಗೆ ಒಂದು ಸಲ ಜೋರಾಗಿ ಕುಟ್ಟಿ. ಒಳಗಿನ ದಂಟು ಸಡಿಲವಾಗುತ್ತೆ, ತಿರುಚಿದರೆ ಬಿರಡೆ ಬಂದ ಹಾಗೆ ಕಿತ್ತು ಬರುತ್ತೆ. ಆ ಗುಳಿಗೆ ನಲ್ಲಿಯ ನೀರು ಬಿಡಿ. ನೀರು ಎಲೆಗಳ ನಡುವೆ ನುಗ್ಗಿ ತಾನೇ ಬಿಡಿಸಿ ಕೊಡುತ್ತೆ. ಮೊದಲ ಸಲ ಅದು ಕೈಗೆ ಇಡೀ ಬಟ್ಟಲಾಗಿ ಬಂದಾಗ ನಾನು ಮನೆಯವರನ್ನೆಲ್ಲ ಕೂಗಿ ತೋರಿಸಿದ್ದೆ. ಯಾರಿಗೂ ಆಶ್ಚರ್ಯವಾಗಲಿಲ್ಲ, ಅದು ಬೇರೆ ಮಾತು.

ಬಿಡಿಸಿದ ಎಲೆ ಹತ್ತು ಹದಿನೈದು ನಿಮಿಷ ಐಸ್ ನೀರಲ್ಲಿರಲಿ. ಜೀವಕೋಶಗಳು ನೀರು ಕುಡಿದು ಬಿಗಿಯಾಗುತ್ತವೆ, ಗರಿಗರಿ ಬರೋದು ಅಲ್ಲಿಂದ. ಆಮೇಲೆ ಒಣ ಬಟ್ಟೆಯ ಮೇಲೆ ಹರಡಿ, ಮೇಲೊಂದು ಬಟ್ಟೆ ಮುಚ್ಚಿ ಮೆಲ್ಲಗೆ ಒತ್ತಿ. ಅಂಚು ಅಂಕುಡೊಂಕಾಗಿದ್ದರೆ ಕತ್ತರಿಯಲ್ಲಿ ದುಂಡಗೆ ಕತ್ತರಿಸಿ. ಬಡಿಸುವವರೆಗೆ ಫ್ರಿಜ್‌ನಲ್ಲಿ.

ಮೆತ್ತನೆಮಾತು
ಐಸ್‌ಬರ್ಗ್ ಅಂದರೆ ಗರಿಗರಿ ನೀರು, ರುಚಿ ಎಲ್ಲಿದೆ ಅದರಲ್ಲಿ? ಬಟರ್ ಲೆಟ್ಯೂಸ್ ಸಿಕ್ಕಿದರೆ ಅದನ್ನೇ ತಗೊಳ್ಳಿ. ಮೆತ್ತಗೆ ಬಗ್ಗುತ್ತೆ, ಮಡಚಿದರೆ ಒಡೆಯಲ್ಲ. ಐಸ್‌ಬರ್ಗ್ ಮಡಚಿ ನೋಡಿ, ನಡುವಿನ ನರದಲ್ಲಿ ಟಕ್ ಅಂತ ಮುರಿಯುತ್ತೆ.

ಹಸಿರೆಲೆ
ಮಡಚೋದು ಯಾಕೆ? ಅದು ಬಟ್ಟಲು. ಬಟ್ಟಲನ್ನ ಯಾರಾದರೂ ಮಡಚುತ್ತಾರಾ?

ಮೆತ್ತನೆಮಾತು
ಹೆಸರೇ ರ‍್ಯಾಪ್. ಸುತ್ತಬೇಕು.

ಹಸಿರೆಲೆ
ಹೆಸರಲ್ಲಿ ಏನಿದೆ. ತಿನ್ನೋವಾಗ ಯಾರ ಅಂಗಿ ಉಳಿಯಿತು ಅನ್ನೋದು ಮುಖ್ಯ.

ನಾಲ್ಕನೇಬೆಂಚು
ಎಲೆ ಸಣ್ಣಗೆ ಹೆಚ್ಚಿ ತಟ್ಟೆಗೆ ಹಾಕಿ, ಮೇಲೆ ಚಿಕನ್ ಸುರಿದು ಚಮಚದಲ್ಲಿ ತಿನ್ನಿ. ಜಗಳವೇ ಇಲ್ಲ.

ಸೌಟುಗಾರ
ಅದಕ್ಕೆ ಸಲಾಡ್ ಅಂತಾರೆ ಗುರು. ಬೇರೆ ಕ್ಲಾಸ್‌ರೂಮು.

ಕುತೂಹಲಿ
ಒಂದು ಪ್ರಶ್ನೆ. ಎಲ್ಲ ರೆಸಿಪಿಯಲ್ಲೂ 'ಏಷ್ಯನ್ ಶೈಲಿ' ಅಂತ ಬರೀತಾರೆ. ಏಷ್ಯಾ ಏನು ಒಂದು ಅಡುಗೆಮನೆಯಾ? ಇದು ಯಾರದ್ದು ನಿಜವಾಗಿ?

ಹಳೇಪುಟ
ಬೇರು ಕ್ಯಾಂಟನೀಸ್ ಅಡುಗೆಯಲ್ಲಿದೆ. ಅಲ್ಲಿ 'ಸಾಂಗ್ ಚೊಯ್ ಬಾವ್' ಅಂತಾರೆ. ಹಳೇ ಪದ್ಧತಿಯಲ್ಲಿ ಕೋಳಿಗಿಂತ ಪಾರಿವಾಳದ ಮಾಂಸವನ್ನು ಸಣ್ಣಗೆ ಕೊಚ್ಚಿ ಹುರಿದು ಲೆಟ್ಯೂಸ್ ಎಲೆಯಲ್ಲಿಟ್ಟು ಕೊಡುತ್ತಿದ್ದರು. 'ಸಾಂಗ್ ಚೊಯ್' ಅಂದರೆ ಲೆಟ್ಯೂಸ್. 'ಹಣ ಹುಟ್ಟಲಿ' ಅನ್ನುವ ಮಾತೂ ಕಿವಿಗೆ ಹಾಗೇ ಕೇಳುತ್ತೆ. ಅದಕ್ಕೇ ಚೀನೀ ಹೊಸ ವರ್ಷದಲ್ಲಿ ಲೆಟ್ಯೂಸಿಗೆ ಮರ್ಯಾದೆ. ಸಿಂಹ ನೃತ್ಯದಲ್ಲಿ ಸಿಂಹ ಬಾಯಿ ಹಾಕಿ ಕೀಳುವ ಹಸಿರು ಕಟ್ಟು ನೋಡಿದ್ದೀರಾ? ಅದು ಲೆಟ್ಯೂಸೇ.

ಅಮೆರಿಕದಲ್ಲಿ ಸಿಸಿಲಿಯಾ ಚಿಯಾಂಗ್ ಅನ್ನೋರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1961ರಲ್ಲಿ 'ದಿ ಮ್ಯಾಂಡರಿನ್' ಹೋಟೆಲ್ ತೆರೆದರು. ಅಲ್ಲಿ ಎಲೆಯಲ್ಲಿಟ್ಟ ಪಾರಿವಾಳದ ಕೀಮಾ ಹೆಸರುವಾಸಿ. ಅವರ ಮಗ ಫಿಲಿಪ್ ಚಿಯಾಂಗ್, ಪಾಲ್ ಫ್ಲೆಮಿಂಗ್ ಜೊತೆ ಸೇರಿ 1993ರಲ್ಲಿ ಅರಿಜೋನಾದಲ್ಲಿ ಪಿ.ಎಫ್. ಚಾಂಗ್ಸ್ ಶುರು ಮಾಡಿದರು. ಪಿ.ಎಫ್. ಅಂದರೆ ಪಾಲ್ ಫ್ಲೆಮಿಂಗ್, ಚಾಂಗ್ ಅಂದರೆ ಚಿಯಾಂಗ್ ಸವೆದು ಆದದ್ದು. ಪಾರಿವಾಳ ಹೋಗಿ ಕೋಳಿ ಬಂತು, ಊರೂರಿಗೆ ಹಬ್ಬಿತು. ನಾವೆಲ್ಲ ನಕಲು ಮಾಡೋಕೆ ಹೊರಟಿರೋದು ಹೆಚ್ಚಾಗಿ ಆ ತಟ್ಟೆಯನ್ನೇ.

ಕುತೂಹಲಿ
ಪಾರಿವಾಳ!! ಕೇಳಬಾರದಿತ್ತು.

ಒಂದೇತುತ್ತು
@ಹಳೇಪುಟ ಸರ್, ಎಲ್ಲವನ್ನೂ ಚೀನಾ ಖಾತೆಗೆ ಬರೆದುಬಿಟ್ಟಿರಿ. ಕೊರಿಯಾದಲ್ಲಿ ಎಲೆಯಲ್ಲಿ ಸುತ್ತಿ ತಿನ್ನೋದಕ್ಕೆ 'ಸ್ಸಾಮ್' ಅಂತಲೇ ಹೆಸರು, ಆ ಪದದ ಅರ್ಥವೇ ಸುತ್ತಿದ್ದು ಅಂತ. ಅಲ್ಲಿ ಸಾಸ್ ಸುರಿಯಲ್ಲ, 'ಸ್ಸಾಮ್‌ಜಾಂಗ್' ಅನ್ನೋ ಗಟ್ಟಿ ಪೇಸ್ಟನ್ನ ಚೂರು ಬಳಿಯುತ್ತಾರೆ. ಇಡೀ ಪೊಟ್ಟಣ ಒಂದೇ ತುತ್ತಿಗೆ ಬಾಯಿಗೆ. ಅರ್ಧ ಕಚ್ಚಿದರೆ ತಾನೇ ಸೋರೋದು?

ಭಾರತಿ ಅವರಿಗೆ ಇದರಲ್ಲಿ ಒಂದು ಪಾಠ ಇದೆ. ಅಂಗೈ ಅಗಲದ ಎಲೆ, ಒಂದು ದೊಡ್ಡ ಚಮಚ ಪಲ್ಯ. ಸಾಕು. ಬೆಟ್ಟದ ಹಾಗೆ ಪೇರಿಸಿದರೆ ಯಾವ ಎಲೆಯೂ ತಡೆಯಲ್ಲ.

ಬಾಣಲೆಭಾರತಿ
ಪೇರಿಸಿದ್ದು ನಿಜ. ಫೋಟೋಗೆ ಚೆನ್ನಾಗಿ ಕಾಣಲಿ ಅಂತ. ತಪ್ಪೊಪ್ಪಿಗೆ.

ನಿಂಬೆಹುಳಿ
ನಾನು ಸೋಯಾ, ಹೊಯ್ಸಿನ್, ಕಾರ್ನ್‌ಫ್ಲೋರ್ ಎಲ್ಲಾ ಬಿಟ್ಟು ವರ್ಷವಾಯ್ತು. ಲಾವೋಸ್ ಮತ್ತು ಥಾಯ್ಲೆಂಡಿನ ಈಶಾನ್ಯ ಭಾಗದ 'ಲಾಬ್' ಮಾಡಿ ನೋಡಿ. ಕೀಮಾ ಸ್ವಲ್ಪವೇ ನೀರಲ್ಲಿ ಬೇಯಿಸಿ ಒಲೆಯಿಂದ ಇಳಿಸೋದು. ಇಳಿಸಿದ ಮೇಲೆ ನಿಂಬೆರಸ, ಫಿಶ್ ಸಾಸ್, ಒಣಮೆಣಸಿನ ಪುಡಿ, ಸಣ್ಣ ಈರುಳ್ಳಿ, ಕೈತುಂಬಾ ಪುದೀನ.

ಅದರ ಗುಟ್ಟು ಹುರಿದಕ್ಕಿ ಪುಡಿ. ಅಂಟಕ್ಕಿಯನ್ನು ಒಣ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹೊಂಬಣ್ಣ ಬರೋವರೆಗೆ ಹುರಿದು ತರಿತರಿಯಾಗಿ ಕುಟ್ಟಿಕೊಳ್ಳಬೇಕು. ಕೊನೆಯಲ್ಲಿ ಎರಡು ಚಮಚ ಉದುರಿಸಿದರೆ ನಿಂತ ರಸವನ್ನೆಲ್ಲ ಅದೇ ಹೀರಿಕೊಳ್ಳುತ್ತೆ. ಪೋಸ್ಟರ್ ಅಂಟಾಗಲ್ಲ. ಹಲ್ಲಿಗೆ ಚೂರು ಸಿಕ್ಕಿದಾಗ ಹುರಿದ ವಾಸನೆ ಬರುತ್ತೆ, ಆಹಾ.

ಚಾಕುಚೂರಿ
ರುಚಿ ಒಪ್ಪಿದೆ. ಆದರೆ ಅವರು ಕೇಳಿದ್ದು ಬೇರೆ ಪದಾರ್ಥ. ದಾರಿ ತಪ್ಪಿದವರಿಗೆ ಬೇರೆ ಊರಿನ ಬಸ್ ಹತ್ತಿಸಿದ ಹಾಗಾಯ್ತು.

ನಿಂಬೆಹುಳಿ
ಆ ಊರು ಚೆನ್ನಾಗಿದ್ದರೆ ಏನ್ ತೊಂದರೆ?

ಕೊಚ್ಚುಕತ್ತಿ
ಕೀಮಾ ಯಾಕೆ ತಗೊಳ್ತೀರಿ ಅಂತ ಮೊದಲು ಹೇಳಿ. ಯಂತ್ರದಲ್ಲಿ ಅರೆದ ಮಾಂಸ ಪೇಸ್ಟಿನ ಹಾಗಿರುತ್ತೆ, ರಸ ಎಲ್ಲ ಹೊರಗೆ ಬಂದಿರುತ್ತೆ. ತೊಡೆ ಭಾಗ ಮೂಳೆ ತೆಗೆದದ್ದು ತನ್ನಿ. ಅರ್ಧ ಗಂಟೆ ಫ್ರೀಜರಲ್ಲಿಟ್ಟರೆ ಗಟ್ಟಿಯಾಗಿ ಕತ್ತಿಗೆ ಚೆನ್ನಾಗಿ ಸಿಗುತ್ತೆ. ಬಟಾಣಿ ಗಾತ್ರಕ್ಕೆ ಹೆಚ್ಚಿ. ಎದೆ ಭಾಗ ಸ್ವಲ್ಪ ಜಾಸ್ತಿ ಬೆಂದರೂ ರಬ್ಬರು. ತೊಡೆಯಲ್ಲಿ ಕೊಬ್ಬು ಇರೋದರಿಂದ ತಪ್ಪು ಮಾಡಿದರೂ ಕ್ಷಮಿಸುತ್ತೆ.

ಹೆಚ್ಚಿದ ಮಾಂಸಕ್ಕೆ ಒಂದು ಚಮಚ ಸೋಯಾ, ಒಂದು ಚಮಚ ಕಾರ್ನ್‌ಫ್ಲೋರ್, ಕಾಲು ಟೀ ಚಮಚ ಅಡುಗೆ ಸೋಡಾ ಬೆರೆಸಿ ಹದಿನೈದು ನಿಮಿಷ ಬಿಡಿ. ಚೀನೀ ಹೋಟೆಲುಗಳ ಮೆತ್ತನೆ ಚಿಕನ್ ಗುಟ್ಟು ಇದೇ. ಸೋಡಾ ಇದ್ದರೆ ಮಾಂಸ ನೀರನ್ನ ಹಿಡಿದುಕೊಳ್ಳುತ್ತೆ, ಬಣ್ಣವೂ ಬೇಗ ಬರುತ್ತೆ.

ರಾತ್ರಿಪಾಳಿ
ಕಾಲು ಚಮಚ ಅಂದರೆ ಕಾಲು ಚಮಚವೇ ಕಣ್ರೀ. ಕಣ್ಣಳತೆಯಲ್ಲಿ ಹಾಕಿದೆ ಒಂದು ಸಲ. ಸೋಪು ತಿಂದ ಹಾಗಿತ್ತು. ನನ್ನ ತಮ್ಮ ಇವತ್ತಿಗೂ ನನ್ನ ಕೈಯಡುಗೆ ತಿನ್ನೋ ಮೊದಲು 'ಬಟ್ಟೆಗಾ, ಹೊಟ್ಟೆಗಾ' ಅಂತ ಕೇಳ್ತಾನೆ.

ಶಾಂತಕ್ಕ
ಅರ್ಧ ಗಂಟೆ ಫ್ರೀಜರು, ಹದಿನೈದು ನಿಮಿಷ ಸೋಡಾ, ಹದಿನೈದು ನಿಮಿಷ ಐಸ್ ನೀರು. ಕೆಲಸದಿಂದ ಬಂದು ಇಷ್ಟೆಲ್ಲ ಯಾರು ಮಾಡ್ತಾರೆ? ಕೀಮಾ ತಂದರೆ ಏನೂ ಪಾಪ ಇಲ್ಲ. ಪೇಪರ್ ಟವೆಲಲ್ಲಿ ಒತ್ತಿ ನೀರು ತೆಗೆದು ಎರಡು ಸರದಿಯಲ್ಲಿ ಹುರಿಯಿರಿ, ಆಯ್ತು. ನಾನು ಮಾಡೋದು ಅಷ್ಟೇ. ಇಪ್ಪತ್ತೈದು ನಿಮಿಷದಲ್ಲಿ ಮೇಜಿಗೆ.

ಕೊಚ್ಚುಕತ್ತಿ
ಅಕ್ಕಾ, ಇಪ್ಪತ್ತೈದು ನಿಮಿಷದ್ದು ಇಪ್ಪತ್ತೈದು ನಿಮಿಷದ ಹಾಗೇ ಇರುತ್ತೆ.

ಶಾಂತಕ್ಕ
ನಿಮ್ಮದು ಎರಡು ಗಂಟೆಯದ್ದು ಎರಡು ಗಂಟೆ ತಡವಾಗಿ ಇರುತ್ತೆ. ಮಕ್ಕಳು ಅಷ್ಟೊತ್ತಿಗೆ ಬಿಸ್ಕತ್ತು ತಿಂದು ಮಲಗಿರುತ್ತಾರೆ.

ಲೆಕ್ಕಾಚಾರ
ಸಾಸ್ ಬಗ್ಗೆ ಯಾರೂ ಲೆಕ್ಕ ಹೇಳಲಿಲ್ಲ. ಒಂದು ದೊಡ್ಡ ಚಮಚ ಸಾಮಾನ್ಯ ಸೋಯಾ ಸಾಸ್‌ನಲ್ಲಿ ಸುಮಾರು 900 ಮಿಲಿಗ್ರಾಂ ಸೋಡಿಯಂ. ಭಾರತಿ ಅವರು ಹಾಕಿದ್ದು ಮೂರು, ಅಲ್ಲಿಗೆ 2700. ಆರು ಜನಕ್ಕೆ ಹಂಚಿದರೂ ತಲೆಗೆ 450, ಹೊಯ್ಸಿನ್ ಬಿಟ್ಟು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳೋದು ದಿನವಿಡೀ ಸೇರಿ 2000ಕ್ಕಿಂತ ಕಡಿಮೆ. ಇದು ಸುಮ್ನೆ ಒಂದು ಸ್ಟಾರ್ಟರ್.

ಅರ್ಧ ಕಿಲೋಗೆ ನನ್ನ ಅಳತೆ: ಸೋಯಾ ಒಂದೂವರೆ ದೊಡ್ಡ ಚಮಚ, ಹೊಯ್ಸಿನ್ ಒಂದೂವರೆ, ಅಕ್ಕಿ ವಿನೆಗರ್ ಒಂದು. ಮೊದಲೇ ಬಟ್ಟಲಲ್ಲಿ ಕಲಸಿಟ್ಟುಕೊಳ್ಳಿ. ಕಾರ್ನ್‌ಫ್ಲೋರ್ ಬೇಕೇ ಬೇಕು ಅಂದರೆ ಒಂದೇ ಟೀ ಚಮಚ, ಎರಡು ಟೀ ಚಮಚ ತಣ್ಣೀರಲ್ಲಿ ಕದಡಿ ಹಾಕಿ. ಕುದಿ ಬಂದ ಮೇಲೇ ಅದು ಗಟ್ಟಿಯಾಗೋದು. ಕುದಿಯೋ ಮೊದಲೇ 'ಆಗಲಿಲ್ಲ' ಅಂತ ಇನ್ನೊಂದು ಚಮಚ ಸುರಿದವರ ಕಥೆ ಈ ಚರ್ಚೆಯ ಮೊದಲಲ್ಲೇ ಇದೆ.

ಬಾಣಲೆಭಾರತಿ
ಎಲ್ಲರೂ ಸೇರಿ ನನ್ನನ್ನೇ ಹುರೀತಿದ್ದೀರಿ. ಎರಡು ಸರದಿಯಲ್ಲಿ ಬೇರೆ.

ಎಳ್ಳುಕಾಳು
ಎಣ್ಣೆ ಬಗ್ಗೆ ಒಂದು ಮಾತು. ರೆಸಿಪಿಯಲ್ಲಿ ಎಳ್ಳೆಣ್ಣೆ ಅಂದರೆ ಹುರಿದ ಎಳ್ಳಿನ ಎಣ್ಣೆ, ಕಡು ಕಂದು ಬಣ್ಣದ್ದು. ಹಸಿ ಎಳ್ಳು ಹಿಂಡಿದ ತಿಳಿ ಬಣ್ಣದ್ದು ಬೇರೆ, ಅದರಲ್ಲಿ ಆ ಘಮ ಇರಲ್ಲ. ನಾನು ಆರು ತಿಂಗಳು ತಿಳಿಯದ್ದೇ ಹಾಕಿ 'ಹೋಟೆಲ್ ವಾಸನೆ ಬರ್ತಿಲ್ಲ' ಅಂತ ತಲೆ ಚಚ್ಚಿಕೊಂಡಿದ್ದೆ. ಹುರಿದದ್ದು ಒಂದು ಟೀ ಚಮಚ ಸಾಕು, ಒಲೆ ಆರಿಸಿದ ಮೇಲೆ. ಅದರಲ್ಲೇ ಹುರಿಯೋಕೆ ಹೋದರೆ ಘಮ ಹಾರಿ ಕಹಿ ಉಳಿಯುತ್ತೆ.

ಬಾಯಿಚಪಲ
ಒಂದು ಚಿಟಿಕೆ ಅಜಿನೊಮೊಟೊ ಹಾಕಿ, ಎಲ್ಲ ಸರಿಹೋಗುತ್ತೆ.

ಶಾಂತಕ್ಕ
ಅದು ವಿಷ. ನನಗೆ ತಲೆನೋವು ಬರುತ್ತೆ.

ಹಳೇಪುಟ
ವಿಷ ಅನ್ನೋದು ಜಾಸ್ತಿಯಾಯ್ತು ಮೇಡಂ. 1908ರಲ್ಲಿ ಜಪಾನಿನ ಕಿಕುನಾಎ ಇಕೆಡಾ ಕಡಲಕಳೆಯ ಸಾರಿನಿಂದ ಆ ರುಚಿಯನ್ನ ಬೇರೆ ಮಾಡಿದರು. ಟೊಮೇಟೊ, ಹಳೇ ಚೀಸಿನಲ್ಲೂ ಆ ರುಚಿ ಕೊಡುವ ಅದೇ ಗ್ಲುಟಮೇಟ್ ಇದೆ. ಭಯ ಶುರುವಾಗಿದ್ದು 1968ರಲ್ಲಿ, ಒಂದು ವೈದ್ಯಕೀಯ ಪತ್ರಿಕೆಗೆ ಒಬ್ಬ ಡಾಕ್ಟರು ಬರೆದ ಕಾಗದದಿಂದ. ಚೀನೀ ಹೋಟೆಲಲ್ಲಿ ಉಂಡ ಮೇಲೆ ಕುತ್ತಿಗೆ ಜೋಮು ಹಿಡಿಯುತ್ತೆ ಅಂತ ಬರೆದು, ಸೋಯಾ ಸಾಸ್, ಅಡುಗೆಯ ಮದ್ಯ, ಉಪ್ಪು, ಎಂಎಸ್‌ಜಿ (ಅಂದರೆ ಇದೇ ಅಜಿನೊಮೊಟೊ), ಯಾವುದಿರಬಹುದು ಅಂತ ಕೇಳಿದ್ದರು ಅಷ್ಟೇ. ಜನ ಒಂದನ್ನೇ ಹಿಡಿದುಕೊಂಡರು.

ಶಾಂತಕ್ಕ
ಪತ್ರಿಕೆ ಏನಾದರೂ ಬರೆಯಲಿ, ನೋವು ನನ್ನ ತಲೆಗೆ ತಾನೇ?

ಕಾವಲುಗಾರ
ಈ ವಿಷಯ ಇಲ್ಲಿಗೆ ನಿಲ್ಲಿಸಿ. ಹೋದ ಸಲ ಇದೇ ಜಗಳ ನಲವತ್ತು ಉತ್ತರ ಓಡಿತ್ತು, ಕೊನೆಗೆ ಯಾರೋ ಯಾರದ್ದೋ ಮದುವೆ ಊಟದ ಬಗ್ಗೆ ಮಾತಾಡಿದ್ದರು. ಲೆಟ್ಯೂಸ್‌ಗೆ ಬನ್ನಿ.

ಕುತೂಹಲಿ
ಬಂದೆ. ಐಸ್‌ಬರ್ಗ್ ಅನ್ನೋ ಹೆಸರು ಅದನ್ನ ಐಸ್ ತುಂಬಿದ ರೈಲಲ್ಲಿ ಸಾಗಿಸುತ್ತಿದ್ದರಿಂದ ಬಂತಂತೆ, ಹೌದಾ?

ಹಳೇಪುಟ
ರೈಲು, ಐಸು ಎರಡೂ ನಿಜ. ಹೆಸರು ಅದಕ್ಕಿಂತ ಹಳೇದು. ಅಮೆರಿಕದ ಬರ್ಪಿ ಬೀಜದ ಕಂಪನಿ 1894ರಲ್ಲೇ ಆ ಹೆಸರಿನ ಬೀಜ ಮಾರುತ್ತಿತ್ತು.

ಮೆತ್ತನೆಮಾತು
ಅಂದರೆ 1894ರಿಂದಲೂ ರುಚಿ ಇಲ್ಲ.

ಹಸಿರೆಲೆ
ನಿಮಗೆ ಇನ್ನು ಉತ್ತರ ಕೊಡಲ್ಲ.

ಕರುಂಕುರುಂ
ಭಾರತಿ ಅವರು 'ಕರುಂ ಅನ್ನಲಿಲ್ಲ' ಅಂದದ್ದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಎಲೆಯ ಸದ್ದು ಅರ್ಧ, ಇನ್ನರ್ಧ ವಾಟರ್ ಚೆಸ್ಟ್‌ನಟ್. ಹೆಸರು ನೋಡಿ ಮೋಸ ಹೋಗಬೇಡಿ, ಅದು ಕಾಯಿ ಅಲ್ಲ, ಕೆಸರಲ್ಲಿ ಬೆಳೆಯೋ ಗೆಡ್ಡೆ. ಬೇಯಿಸಿದರೂ ಡಬ್ಬಿಯಲ್ಲಿಟ್ಟರೂ ಮೆತ್ತಗಾಗಲ್ಲ. ಅದರ ಜೀವಕೋಶದ ಗೋಡೆಗಳನ್ನ ಫೆರುಲಿಕ್ ಆಮ್ಲ ಹೊಲಿಗೆ ಹಾಕಿದ ಹಾಗೆ ಒಂದಕ್ಕೊಂದು ಕಟ್ಟಿಹಾಕಿರುತ್ತೆ. ಕ್ಯಾರೆಟ್‌ಗೆ ಆ ಗಟ್ಟಿತನ ಇಲ್ಲ, ಕುದಿಸಿದರೆ ಮೆತ್ತಗೆ.

ಡಬ್ಬಿಯದ್ದು ತಂದರೆ ನೀರು ಬಸಿದು, ತೊಳೆದು, ಒರೆಸಿ, ಸಣ್ಣಗೆ ಹೆಚ್ಚಿ. ಕೊನೆಯ ಒಂದು ನಿಮಿಷದಲ್ಲಿ ಹಾಕಿ. ಸಿಗದಿದ್ದರೆ ಸೆಲರಿ ದಂಟು ಹಸಿಯಾಗೇ ಹೆಚ್ಚಿ ಬೆರೆಸಿ. ಹುರಿದ ಕಡಲೆಬೀಜ ಮೇಲೆ ಉದುರಿಸಿದರೂ ಆಗುತ್ತೆ.

ಇನ್ನೂ ಶೋಕಿ ಬೇಕಾದರೆ ಸಣ್ಣ ಅಕ್ಕಿ ಶ್ಯಾವಿಗೆಯನ್ನ ಚೆನ್ನಾಗಿ ಕಾದ ಎಣ್ಣೆಗೆ ಒಂದು ಹಿಡಿ ಬಿಡಿ. ಎರಡು ಮೂರು ಸೆಕೆಂಡಲ್ಲಿ ಬಿಳಿ ಮೋಡದ ಹಾಗೆ ಉಬ್ಬುತ್ತೆ. ಎಣ್ಣೆ ಸರಿಯಾಗಿ ಕಾಯದಿದ್ದರೆ ಉಬ್ಬಲ್ಲ, ತಂತಿಯ ಹಾಗೆ ಹಲ್ಲಿಗೆ ಚುಚ್ಚುತ್ತೆ. ಹಾಗಾಗಿ ಮೊದಲು ಒಂದೇ ಎಳೆ ಬಿಟ್ಟು ನೋಡಿ.

ನಾಲ್ಕನೇಬೆಂಚು
ಒಂದು ಎಲೆಯಲ್ಲಿ ನಾಲ್ಕು ಚಮಚ ತಿನ್ನೋದಕ್ಕೆ ಮೂರು ಬಾಣಲೆ ತೊಳೀಬೇಕು.

ಹೊಸಕೈ
ನಮ್ಮ ಮನೆಯಲ್ಲಿ ಒಬ್ಬರು ಮಾಂಸ ತಿನ್ನಲ್ಲ. ಅವರಿಗೆ ಏನು ಮಾಡಲಿ?

ಶಾಂತಕ್ಕ
ಗಟ್ಟಿ ತೋಫು. ಬಟ್ಟೆಯಲ್ಲಿ ಸುತ್ತಿ ಮೇಲೆ ಭಾರ ಇಟ್ಟು ನೀರು ತೆಗೆದು, ಕೈಯಲ್ಲಿ ಪುಡಿ ಮಾಡಿ, ಚಿಕನ್ ಹಾಗೇ ಹುರಿಯಿರಿ. ಬೇರೆ ಬಾಣಲೆ, ಬೇರೆ ಸೌಟು. ಆಯ್ಸ್ಟರ್ ಸಾಸ್ ಹಾಕಬೇಡಿ, ಅದು ಸಿಂಪಿಯಿಂದ ಮಾಡೋದು. ಅಣಬೆಯಿಂದ ಮಾಡಿದ್ದು ಬೇರೆ ಸಿಗುತ್ತೆ.

ಲೆಕ್ಕಾಚಾರ
ಜೊತೆಗೆ, ಬರುವವರಲ್ಲಿ ಗೋಧಿ ಆಗದವರು ಇದ್ದಾರಾ ಅಂತ ಕೇಳಿಕೊಳ್ಳಿ. ಸಾಮಾನ್ಯ ಸೋಯಾ ಸಾಸ್‌ನಲ್ಲಿ ಗೋಧಿ ಇರುತ್ತೆ. 'ತಮಾರಿ' ಅನ್ನೋ ಜಪಾನೀ ಸೋಯಾ ಸಾಸ್‌ನಲ್ಲಿ ಹೆಚ್ಚಾಗಿ ಇರಲ್ಲ, ಆದರೂ ಲೇಬಲ್ ಓದಿ. ಹೊಯ್ಸಿನ್ ಲೇಬಲ್ಲೂ ಓದಿ. ಅಂದಹಾಗೆ ಹೊಯ್ಸಿನ್ ಅಂದರೆ ಸಮುದ್ರದ ಆಹಾರ ಅಂತ ಅರ್ಥ, ಆದರೆ ಅದರಲ್ಲಿ ಮೀನೂ ಇಲ್ಲ ಸಿಗಡಿಯೂ ಇಲ್ಲ. ಸೋಯಾ ಕಾಳಿನ ಸಿಹಿ ಪೇಸ್ಟು.

ಹೊಸಕೈ
ಕೋಳಿ ತೊಳೆದು ತಾನೇ ಹಾಕೋದು?

ಚಾಕುಚೂರಿ
ತೊಳೀಬೇಡಿ. ನೀರು ಸಿಡಿದು ಕಟ್ಟೆ, ನಲ್ಲಿ, ಪಕ್ಕದಲ್ಲಿಟ್ಟ ಎಲೆ, ಎಲ್ಲದಕ್ಕೂ ರೋಗಾಣು ಹರಡುತ್ತೆ. ಈ ಅಡುಗೆಯಲ್ಲಿ ಅದು ಇನ್ನೂ ಅಪಾಯ, ಯಾಕೆಂದರೆ ಎಲೆ ಹಸಿಯಾಗೇ ಬಾಯಿಗೆ ಹೋಗೋದು. ಮೊದಲು ಎಲೆಯ ಕೆಲಸ ಮುಗಿಸಿ ಫ್ರಿಜ್‌ಗಿಡಿ, ಆಮೇಲೆ ಮಾಂಸದ ಪೊಟ್ಟಣ ಬಿಚ್ಚಿ. ಮಣೆ, ಚಾಕು ಬೇರೆ. ರೋಗಾಣು ಸಾಯೋದು ಬೆಂದಾಗ. ಮಾಂಸದ ಒಳಗೆ 74 ಡಿಗ್ರಿ ಬಂದರೆ ಸರಿ.

ಶಾಂತಕ್ಕ
ನಲವತ್ತು ವರ್ಷದಿಂದ ತೊಳೆದೇ ಹಾಕಿದ್ದೇನೆ.

ಚಾಕುಚೂರಿ
ಅಕ್ಕಾ, ನಿಮ್ಮ ಜೊತೆ ಜಗಳಕ್ಕೆ ನಾನಿಲ್ಲ. ಎಲೆ ಮಾತ್ರ ಅದರಿಂದ ದೂರ ಇಡಿ, ಅಷ್ಟೇ ಕೇಳೋದು.

ರಾತ್ರಿಪಾಳಿ
ಪಲ್ಯ ಫ್ರೀಜ್ ಮಾಡಬಹುದಾ? ನನಗೆ ವಾರಕ್ಕೊಂದು ದಿನ ಬಿಡುವು.

ಶಾಂತಕ್ಕ
ಧಾರಾಳವಾಗಿ. ತಣಿಸಿ ಡಬ್ಬಿಗೆ ಹಾಕಿ, ಎರಡು ಗಂಟೆಗಿಂತ ಜಾಸ್ತಿ ಹೊರಗೆ ಬಿಡಬೇಡಿ. ಫ್ರಿಜ್‌ನಲ್ಲಿ ಮೂರು ದಿನ, ಫ್ರೀಜರಲ್ಲಿ ಎರಡು ತಿಂಗಳು. ಬಿಸಿ ಮಾಡುವಾಗ ಮುಚ್ಚಳ ಹಾಕಬೇಡಿ, ಆವಿ ನೀರಾಗಿ ವಾಪಸ್ ಬೀಳುತ್ತೆ. ಎಲೆ ಮಾತ್ರ ಆ ದಿನದ್ದೇ ಆಗಬೇಕು.

ಬಾಯಿಚಪಲ
ಎಲೆ ಫ್ರೀಜ್ ಮಾಡಿದವನು ನಾನು. ಜಾಣತನ ಅಂದುಕೊಂಡು ಹನ್ನೆರಡು ಬಟ್ಟಲು ಒಂದರೊಳಗೊಂದು ಇಟ್ಟು, ನಡುವೆ ಕಾಗದ ಹಾಕಿ, ನೀಟಾಗಿ. ಹೊರಗೆ ತೆಗೆದಾಗ ಗಾಜಿನ ಹಾಗೆ ಹೊಳೀತಿತ್ತು. ಹತ್ತು ನಿಮಿಷಕ್ಕೆ ಒದ್ದೆ ಕರವಸ್ತ್ರ. ಒಳಗಿನ ನೀರು ಮಂಜಾಗಿ ಹಿಗ್ಗಿ ಜೀವಕೋಶ ಎಲ್ಲ ಒಡೆದಿರುತ್ತಂತೆ, ಅದು ಆಮೇಲೆ ಗೊತ್ತಾಯ್ತು.

ಬಾಣಲೆಭಾರತಿ
ನಾಲ್ಕನೇ ಸಲ ಮಾಡಿದೆ. ವರದಿ.

ಐಸ್‌ಬರ್ಗ್ ತಂದೆ. ಕುಟ್ಟಿದೆ. ಸದ್ದಿಗೆ ಪಕ್ಕದ ಮನೆಯವರು ಬಾಗಿಲು ತೆಗೆದು ನೋಡಿದರು. ದಂಟು ನಿಜವಾಗಲೂ ಬಿರಡೆಯ ಹಾಗೆ ಬಂತು! ಎಂಟು ಬಟ್ಟಲು ಸಿಕ್ಕಿತು, ಎರಡು ಹರಿದವು. ಮಾಂಸ ತೊಡೆ ಭಾಗದ್ದು, ಕೈಯಲ್ಲೇ ಹೆಚ್ಚಿದ್ದು. ಸೋಡಾ ಹಾಕಲಿಲ್ಲ, ರಾತ್ರಿಪಾಳಿಯವರ ತಮ್ಮ ನೆನಪಾದ. ಎರಡು ಸರದಿ. ಸೌಟು ಮುಟ್ಟದೆ ನಿಲ್ಲೋಕೆ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದೆ. ಗುಳುಗುಳು ಹೋಗಿ ಚಟಪಟ ಬಂದಾಗ ಒಬ್ಬಳೇ ನಕ್ಕೆ. ಸಾಸ್ ಲೆಕ್ಕಾಚಾರ ಅವರ ಅಳತೆ, ಕಾರ್ನ್‌ಫ್ಲೋರ್ ಹಾಕಲೇ ಇಲ್ಲ, ಬೇಕಾಗಲಿಲ್ಲ. ಬಾಣಲೆಯ ತಳ ಒಣಗಿತ್ತು, ಸಾಸ್ ಮಾಂಸಕ್ಕೆ ಮೆತ್ತಿಕೊಂಡು ಹೊಳೀತಿತ್ತು.

ಒಂದು ತಪ್ಪು ಉಳೀತು. ಬಟ್ಟಲುಗಳನ್ನ ಮೇಲ್ಮುಖವಾಗಿ ಇಟ್ಟು ಒಣಗಿಸಿದ್ದೆ. ಎಲೆ ಮೇಲೆಲ್ಲ ಒಣ, ಗುಳಿಯಲ್ಲಿ ಒಂದೊಂದು ಚಮಚ ನೀರು. ಮೊದಲ ಎರಡಕ್ಕೆ ಚಿಕನ್ ಹಾಕಿದ ಮೇಲೆ ನೋಡಿದೆ. ಆ ಎರಡನ್ನ ನಾನೇ ತಿಂದೆ, ಸಿಂಕಿನ ಮುಂದೆ ನಿಂತು.

ಬಿಳಿ ಅಂಗಿಯವರು ಈ ಸಲ ಕಪ್ಪು ಅಂಗಿ ಹಾಕಿಕೊಂಡು ಬಂದಿದ್ದರು. ನಾಲ್ಕು ತಿಂದರು.

ಹಸಿರೆಲೆ
ಬೋರಲು ಹಾಕಬೇಕು ಅಂತ ಹೇಳೋದು ಮರೆತೆ, ನನ್ನದೇ ತಪ್ಪು. ಗುಳಿ ಕೆಳಗೆ, ಬೆನ್ನು ಮೇಲೆ.

ಮೆತ್ತನೆಮಾತು
ಎರಡು ಹರಿದವಲ್ಲ. ಬಟರ್ ಆಗಿದ್ದರೆ...

ಸೌಟುಗಾರ
ಯಾರಾದರೂ ಇವರ ಕೈಗೆ ಒಂದು ಬಟರ್ ಲೆಟ್ಯೂಸ್ ಕೊಡಿ ಪ್ಲೀಸ್.

ಹೊಸಕೈ
ಹೊರಗಿನ ಎಂಟು ಎಲೆ ಬಟ್ಟಲಾಯ್ತು. ಒಳಗೆ ಉಳಿದ ಗಡ್ಡೆ ಏನು ಮಾಡ್ತೀರಿ?

ಹಳೇಪುಟ
ಕ್ಯಾಂಟನೀಸರು ಲೆಟ್ಯೂಸನ್ನ ಬೇಯಿಸಿಯೂ ತಿನ್ನುತ್ತಾರೆ. ಕುದಿಯೋ ನೀರಲ್ಲಿ ಅರ್ಧ ನಿಮಿಷ ಅದ್ದಿ ತೆಗೆದು, ಬಸಿದು, ಮೇಲೆ ಆಯ್ಸ್ಟರ್ ಸಾಸ್ ಸುರಿದರೆ ಆಯ್ತು.

ನಾಲ್ಕನೇಬೆಂಚು
ನಾನು ಹೇಳಿದ್ದು ನೆನಪಿದೆಯಾ? ಸಣ್ಣಗೆ ಹೆಚ್ಚಿ, ಉಳಿದ ಚಿಕನ್ ಮೇಲೆ ಸುರಿದು, ಚಮಚದಲ್ಲಿ.

ಬಾಣಲೆಭಾರತಿ
ಈಗ ಅದನ್ನೇ ತಿಂತಾ ಬರೀತಿದ್ದೀನಿ. ಯಾರಿಗೂ ಹೇಳಬೇಡಿ.